ಕೇಡಗಾಂವದ ಮುಕ್ತಿಸದನ: ನಿರಾಶ್ರಿತರ ಸೇವೆಯ ಒಂದು ಪಾಠ

೧. ಶಿರೂರು ಸೀಮೆ

ಶಿರೂರು ಎಂಬ ಹೆಸರಿನ ಊರುಗಳು ನಮ್ಮ ಕನ್ನಡನಾಡಿನಲ್ಲಿ ಕೆಲವಿವೆ. ಉಡುಪಿ ಜಿಲ್ಲೆಯಲ್ಲೊಂದು ಉಂಟು, ಬಾಗಲಕೋಟೆ ಜಿಲ್ಲೆಯಲ್ಲಿ ಮತ್ತೊಂದು ಉಂಟು. ಈ ಪಾಠವನ್ನು ನಾವು ಆರಂಭಿಸುವ ಶಿರೂರಾದರೋ ಪುಣೆ ಜಿಲ್ಲೆಯದು. ಪುಣೆಯಿಂದ ಅಹಮದನಗರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಘೋಡ ನದಿಯ ದಂಡೆಯ ಮೇಲೆ ಈ ಪಟ್ಟಣವಿದೆ. ನದಿಯ ಹೆಸರನ್ನೇ ಊರಿಗೂ ಇಟ್ಟು ಜನರು ಇದನ್ನು ಘೋಡನದಿ ಎಂದೂ ಕರೆಯುತ್ತಾರೆ. ಅಹಮದನಗರಕ್ಕೆ ಈಗ ಅಹಿಲ್ಯಾನಗರವೆಂಬ ಹೆಸರು ಬಂದಿದೆ.

ಸಹ್ಯಾದ್ರಿಯನ್ನು ದಾಟಿ ಬರುವ ಮಳೆಯ ಮೋಡಗಳು ಈ ಸೀಮೆಯನ್ನು ಮುಟ್ಟುವ ಹೊತ್ತಿಗೆ ಬಹುಮಟ್ಟಿಗೆ ಬರಿದಾಗಿರುತ್ತವೆ. ಆದಕಾರಣ ಶಿರೂರು, ದೌಂಡ, ಅಹಮದನಗರ, ಸೋಲಾಪುರಗಳ ಬಯಲುಸೀಮೆಗೆ ಬರಗಾಲವು ಹಳೆಯ ಪರಿಚಯದ ಅತಿಥಿ. ಬರ ಬಂದಾಗ ಮೊದಲು ದನಗಳು ಹೋಗುತ್ತವೆ, ಆಮೇಲೆ ಹೊಲ ಹೋಗುತ್ತದೆ, ಕೊನೆಗೆ ಮನೆಯೇ ಹೋಗುತ್ತದೆ. ಮನೆ ಕಳೆದುಕೊಂಡವರು ಹಾದಿ ಹಿಡಿಯುತ್ತಾರೆ.

ಆಂಗ್ಲರ ಕಾಲದಲ್ಲಿ ಶಿರೂರು ಒಂದು ದಂಡಿನ ಠಾಣ್ಯವಾಗಿದ್ದಿತು. ೧೮೧೭ರ ಡಿಸೆಂಬರ್ ಕೊನೆಯ ದಿನ ಕೋರೆಗಾಂವದ ಕಾಳಗಕ್ಕಾಗಿ ಕಂಪನಿಯ ಪಡೆ ಹೊರಟದ್ದು ಇಲ್ಲಿಂದಲೇ. ಮುಂದೆ ಇದೇ ಊರಿಗೆ ಬೇರೆ ಬಗೆಯ ಜನರು ಬಂದರು. ಅಮೆರಿಕದ ಬಾಸ್ಟನ್ ನಗರದಲ್ಲಿ ಕೇಂದ್ರವನ್ನಿಟ್ಟುಕೊಂಡಿದ್ದ ಕ್ರೈಸ್ತ ಮಿಶನ್ನಿನವರು ೧೮೧೩ರಲ್ಲಿ ಮುಂಬಯಿಗೂ ೧೮೩೧ರಲ್ಲಿ ಅಹಮದನಗರಕ್ಕೂ ಬಂದು ನೆಲೆಸಿದರು. ಅಮೆರಿಕನ್ ಮರಾಠಿ ಮಿಶನ್ ಎಂದು ಹೆಸರಾದ ಈ ಸಂಸ್ಥೆಯು ೧೮೪೦ರ ದಶಕದಲ್ಲಿ ಶಿರೂರಿನಲ್ಲಿಯೂ ತನ್ನ ಕೇಂದ್ರವನ್ನು ತೆರೆಯಿತು. ಊರ ಹೊರಗಿನ ಕೇರಿಗಳಲ್ಲಿ ಇರಿಸಲ್ಪಟ್ಟಿದ್ದ ಜನರ ಮಕ್ಕಳಿಗೆ ಅಕ್ಷರ ಕಲಿಸಿದ್ದು, ಬರಗಾಲದಲ್ಲಿ ಅನಾಥರಾದ ಮಕ್ಕಳನ್ನು ಸಾಕಿದ್ದು ಇದರ ಕೆಲಸಗಳಲ್ಲಿ ಮುಖ್ಯವಾದವು.

ಈ ಬಗೆಯ ಸೇವೆಯ ಹಿಂದೆ ಇರುವ ವಿಚಾರವನ್ನು ಕ್ರೈಸ್ತರ ಒಂದು ದೃಷ್ಟಾಂತ ಕಥೆಯಿಂದ ತಿಳಿಯಬಹುದು. ಜೆರೂಸಲೇಮಿನಿಂದ ಜೆರಿಕೊ ಎಂಬ ಊರಿಗೆ ಹೋಗುತ್ತಿದ್ದ ದಾರಿಗನೊಬ್ಬನನ್ನು ಕಳ್ಳರು ಹೊಡೆದು ದೋಚಿ ಬಿಸುಟುಹೋದರು. ಆ ದಾರಿಯಲ್ಲಿ ಬಂದ ಯಾಜಕನು ನೋಡಿಯೂ ನೋಡದವನಂತೆ ಮುಂದೆ ನಡೆದನು. ದೇವಾಲಯದ ಸೇವಕನೂ ಹಾಗೆಯೇ ಮಾಡಿದನು. ಬಳಿಕ ಬಂದವನು ಸಮಾರ್ಯ ಸೀಮೆಯವನು. ಆ ನಾಡಿನವರು ಕೀಳೆಂದು ಭಾವಿಸಿ ದೂರವಿಟ್ಟಿದ್ದ ಪಂಗಡದವನು. ಅವನೇ ಗಾಯಗಳನ್ನು ಕಟ್ಟಿ, ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿ, ಛತ್ರಕ್ಕೆ ಕರೆದೊಯ್ದು, ಖರ್ಚಿಗೆ ಹಣವನ್ನೂ ಕೊಟ್ಟನು. ನಮ್ಮ ನೆರೆಯವನು ಯಾರು ಎಂಬ ಪ್ರಶ್ನೆಗೆ ಯೇಸುಸ್ವಾಮಿ ಈ ಕಥೆಯ ಮೂಲಕ ಉತ್ತರವಿತ್ತನು. ನಮ್ಮ ಶರಣರ ದಾಸೋಹದಲ್ಲಿಯೂ ಇಂತಹದೇ ಕರುಣೆಯುಂಟೆಂಬುದನ್ನು ಕನ್ನಡದ ಮಕ್ಕಳಿಗೆ ಹೇಳಬೇಕಾದುದಿಲ್ಲ.

ಆದರೆ ಆ ಕಥೆ ಛತ್ರದಲ್ಲಿಯೇ ಮುಗಿಯುತ್ತದೆ. ಗಾಯ ಮಾಗಿದ ಮೇಲೆ ಆ ಮನುಷ್ಯನಿಗೆ ಹೋಗಲು ಮನೆಯೇ ಇಲ್ಲದಿದ್ದರೆ? ಅವನು ಇನ್ನೊಬ್ಬರ ಅನ್ನದಲ್ಲಿ ಎಷ್ಟು ದಿನ ಬಾಳಬೇಕು? ದಯೆಯ ಮೊದಲ ದಿನ ಸುಲಭ. ಕಷ್ಟವಿರುವುದು ಎರಡನೆಯ ದಿನದಿಂದ ಮುಂದೆ. ಈ ಎರಡನೆಯ ದಿನದ ಪ್ರಶ್ನೆಗೆ ಉತ್ತರ ಹುಡುಕಿದ ಒಂದು ಸ್ಥಳ ಶಿರೂರಿಗೆ ದೂರವಿಲ್ಲ. ಶಿರೂರಿನಿಂದ ದಕ್ಷಿಣಕ್ಕೆ ನ್ಹಾವರೆಯ ಮಾರ್ಗವಾಗಿ ಹೋಗಿ ಭೀಮಾನದಿಯನ್ನು ದಾಟಿದರೆ ದೌಂಡ ತಾಲೂಕು ಸಿಕ್ಕುತ್ತದೆ. ಅಲ್ಲಿ ಪುಣೆ–ದೌಂಡ ರೈಲು ಹಾದಿಯ ಮೇಲೆ ಕೇಡಗಾಂವವೆಂಬ ಊರಿದೆ. (ಅಹಮದನಗರದ ಬಳಿಯಲ್ಲಿಯೂ ಒಂದು ಕೇಡಗಾಂವ ಉಂಟು, ನಾವು ಹೇಳುತ್ತಿರುವುದು ಅದನ್ನಲ್ಲ.) ಇಲ್ಲಿ ಮುಕ್ತಿಸದನವನ್ನು ಕಟ್ಟಿದವರು ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು ನಮ್ಮ ಕನ್ನಡನಾಡಿನ ಮಣ್ಣಿನಲ್ಲಿ.

೨. ಬಯಲೇ ಮನೆಯಾಗಿದ್ದ ಬಾಲ್ಯ

ತುಂಗಾ ಭದ್ರಾ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, ೧೮೫೮ನೆಯ ಇಸವಿ ಏಪ್ರಿಲ್ ೨೩ರಂದು ರಮಾಬಾಯಿಯವರ ಜನನವಾಯಿತು. ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳದ ಕಡೆಯ ಮಾಳ ಎಂಬ ಊರಿನವರು, ಮನೆಮಾತು ಮರಾಠಿ. ಅವರು ದೊಡ್ಡ ಸಂಸ್ಕೃತ ವಿದ್ವಾಂಸರು. ಸ್ತ್ರೀಯರು ಸಂಸ್ಕೃತವನ್ನು ಕಲಿಯಬಾರದೆಂಬ ಕಟ್ಟು ಬಲವಾಗಿದ್ದ ಕಾಲದಲ್ಲಿ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಿದರು. ಸುತ್ತಲಿನವರ ವಿರೋಧದಿಂದ ದೂರವಾಗಿ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡು, ಶಿಷ್ಯರಿಗೆ ಪಾಠ ಹೇಳುತ್ತ, ಬಂದವರಿಗೆ ಅನ್ನವಿಕ್ಕುತ್ತ ಇದ್ದರು.

ಅತಿಥಿಸತ್ಕಾರದಲ್ಲಿಯೇ ಐಶ್ವರ್ಯವೆಲ್ಲ ಕರಗಿತು. ರಮೆ ಇನ್ನೂ ಆರು ತಿಂಗಳ ಕೂಸಾಗಿದ್ದಾಗ ಕುಟುಂಬವು ಆಶ್ರಮವನ್ನು ಬಿಟ್ಟು ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಕೂಸನ್ನು ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿದರಂತೆ. ಅಂದಿನಿಂದ ಆ ಕುಟುಂಬಕ್ಕೆ ನಿಂತ ನೆಲೆಯೆಂಬುದು ಇಲ್ಲವಾಯಿತು. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಾಲಯಗಳಲ್ಲಿ ಪುರಾಣವನ್ನು ಓದುವುದು, ಕೇಳಿದವರು ಕೊಟ್ಟ ದಕ್ಷಿಣೆಯಿಂದ ಹೊಟ್ಟೆ ಹೊರೆಯುವುದು—ಇದೇ ಅವರ ಬಾಳುವೆಯಾಯಿತು. ತಾಯಿಯೇ ರಮೆಗೆ ಗುರು. ಹಾದಿಯಲ್ಲಿಯೇ ಪಾಠ, ಹಾದಿಯಲ್ಲಿಯೇ ಕಂಠಪಾಠ. ಈ ಸಂಚಾರದಲ್ಲಿ ಕನ್ನಡ, ಹಿಂದೂಸ್ತಾನಿ, ಬಂಗಾಳಿ ಭಾಷೆಗಳೂ ಅವರಿಗೆ ಒಲಿದವು.

೧೮೭೦ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಭೀಕರ ಬರಗಾಲ ಬಂದಿತು. ಪುರಾಣ ಕೇಳುವವರು ಯಾರು, ದಕ್ಷಿಣೆ ಕೊಡುವವರು ಯಾರು? ಕೈಯಲ್ಲಿದ್ದ ಕೊನೆಯ ಅಕ್ಕಿಯ ಕಾಳೂ ತೀರಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ತಾಯಿಯ ಶವವನ್ನು ಹೊರಲು ನಾಲ್ವರು ಸಾಲದೆ ಹೋದುದರಿಂದ ಮಗಳು ತಾನೂ ಚಟ್ಟಕ್ಕೆ ಹೆಗಲು ಕೊಡಬೇಕಾಯಿತು. ಆಕೆ ಉಳಿದವರಿಗಿಂತ ಗಿಡ್ಡ. ಆದುದರಿಂದ ಚಟ್ಟದ ಕೊನೆಯನ್ನು ತಲೆಯ ಮೇಲೆ ಹೊತ್ತುಕೊಂಡು ಸ್ಮಶಾನದವರೆಗೆ ನಡೆದಳು.

ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾ. ಇಬ್ಬರೂ ಉತ್ತರ ದಿಕ್ಕಿಗೆ ಕಾಲುನಡಿಗೆಯಲ್ಲಿ ಹೊರಟರು. ರಾತ್ರಿಗೆ ಮರದ ಬುಡ, ಸೇತುವೆಯ ಕಮಾನು, ಇಲ್ಲವೆ ಬಯಲು. ಪಂಜಾಬದ ಝೇಲಂ ನದಿಯ ದಂಡೆಯಲ್ಲಿ ಒಂದು ರಾತ್ರಿ ಚಳಿಯನ್ನು ತಾಳಲಾರದೆ ಅವರು ಮರಳಿನಲ್ಲಿ ಗೋರಿಯಂತಹ ಎರಡು ಗುಂಡಿಗಳನ್ನು ತೋಡಿ, ಒಳಗೆ ಮಲಗಿ, ತಲೆಯೊಂದನ್ನು ಬಿಟ್ಟು ಮೈಮೇಲೆಲ್ಲ ಒಣಮರಳನ್ನು ಎಳೆದುಕೊಂಡು ಬೆಳಗು ಮಾಡಿದರು. ಹಸಿವೆ ಹೆಚ್ಚಾದಾಗ ಕಾಡುಹಣ್ಣುಗಳನ್ನು ಸಿಪ್ಪೆ ಬೀಜಗಳೊಡನೆಯೇ ನುಂಗಿದರು. ಇದನ್ನು ರಮಾಬಾಯಿಯವರು ಮುಂದೆ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ.

ಅದೇ ಬರಹದಲ್ಲಿ ಅವರು ಹೇಳಿರುವ ಇನ್ನೊಂದು ಮಾತನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಕುಟುಂಬದಲ್ಲಿ ಶಾಸ್ತ್ರಜ್ಞಾನವಿತ್ತು, ಸಾವಿರಾರು ಶ್ಲೋಕಗಳು ಬಾಯಿಗೆ ಬರುತ್ತಿದ್ದವು. ಆದರೆ ಹೊಟ್ಟೆಪಾಡಿಗೆ ಒದಗುವ ಯಾವ ಕೆಲಸವನ್ನೂ ಅವರು ಕಲಿತಿರಲಿಲ್ಲ. ಕೂಲಿ ಮಾಡಲು ಕುಲದ ಅಭಿಮಾನ ಬಿಡಲಿಲ್ಲ. ಬರಗಾಲವು ಅನ್ನವನ್ನು ಕಸಿದುಕೊಂಡಾಗ ಕೈಗಳು ಬರಿದಾಗಿದ್ದವು. ಮುಂದೆ ಕೇಡಗಾಂವದಲ್ಲಿ ಅವರು ಮಾಡಿದ ಕೆಲಸದ ಬೇರು ಈ ಅನುಭವದಲ್ಲಿದೆ.

೩. ಪುಣೆಯಿಂದ ಇಂಗ್ಲೆಂಡಿಗೆ

೧೮೭೮ರಲ್ಲಿ ಅಣ್ಣತಂಗಿಯರು ಕಲಕತ್ತೆಯನ್ನು ಮುಟ್ಟಿದರು. ಇಪ್ಪತ್ತು ವರ್ಷದ ಹೆಣ್ಣುಮಗಳೊಬ್ಬಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವುದನ್ನು ಕೇಳಿ ಅಲ್ಲಿಯ ವಿದ್ವಾಂಸರು ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ೧೮೮೦ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ದಾಸರನ್ನು ವಿವಾಹವಾದರು. ಜಾತಿಯ ಕಟ್ಟನ್ನು ಮೀರಿದ ಮದುವೆ ಅದು. ಮಗಳು ಮನೋರಮೆ ಹುಟ್ಟಿದ ಮರುವರ್ಷ, ೧೮೮೨ರಲ್ಲಿ, ಪತಿಯು ಕಾಲರಾ ಬೇನೆಗೆ ಬಲಿಯಾದರು. ಕೈಗೂಸಿನೊಡನೆ ರಮಾಬಾಯಿಯವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ವಿದ್ಯಾಭ್ಯಾಸವನ್ನು ಕುರಿತ ಹಂಟರ್ ಆಯೋಗದ ಮುಂದೆ ಅದೇ ವರ್ಷ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ಸ್ತ್ರೀವೈದ್ಯರೂ ಬೇಕೆಂದು ವಾದಿಸಿದರು.

೧೮೮೩ರಲ್ಲಿ ಅವರು ಹೆಚ್ಚಿನ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಹೋದರು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ಇಳಿದುಕೊಂಡರು. ಆ ಮಠದವರು ಲಂಡನ್ನಿನ ಫುಲ್‌ಹ್ಯಾಮ್ ಭಾಗದಲ್ಲಿ ಒಂದು ಮನೆಯನ್ನು ನಡೆಸುತ್ತಿದ್ದರು. ದಾರಿ ತಪ್ಪಿದವರೆಂದು ಸಮಾಜವು ಹೊರಗೆ ದೂಡಿದ್ದ ಹೆಂಗಸರನ್ನು ಅಲ್ಲಿ ಕರೆದು, ಇರಗೊಟ್ಟು, ಆದರದಿಂದ ಕಾಣುತ್ತಿದ್ದರು. ಇಂತಹ ಹೆಂಗಸರನ್ನು ಶಿಕ್ಷಿಸುವ ಮಾತನ್ನಲ್ಲದೆ ಪ್ರೀತಿಸುವ ಮಾತನ್ನು ರಮಾಬಾಯಿಯವರು ಅದುವರೆಗೆ ಎಲ್ಲಿಯೂ ಕೇಳಿರಲಿಲ್ಲ. ಇದಕ್ಕೆ ಪ್ರೇರಣೆ ಯಾವುದೆಂದು ವಿಚಾರಿಸಿದಾಗ, ಬಾವಿಯ ಬಳಿಯಲ್ಲಿ ಸಮಾರ್ಯದ ಹೆಂಗಸೊಬ್ಬಳೊಡನೆ ಯೇಸುಸ್ವಾಮಿ ಮಾತಾಡಿದ ಕಥೆಯನ್ನು ಅವರಿಗೆ ಓದಿ ತೋರಿಸಿದರು. ಅವರ ಮನಸ್ಸು ಅಲ್ಲಿ ತಿರುಗಿತು. ೧೮೮೩ರ ಸೆಪ್ಟೆಂಬರ್ ೨೯ರಂದು ಅವರು ಕ್ರೈಸ್ತ ದೀಕ್ಷೆಯನ್ನು ಪಡೆದರು.

ಮತವನ್ನು ಬದಲಿಸಿದರೂ ಅವರು ತಮ್ಮ ವಿಚಾರಶಕ್ತಿಯನ್ನು ಯಾರ ವಶಕ್ಕೂ ಒಪ್ಪಿಸಲಿಲ್ಲ. ಶಾಕಾಹಾರವನ್ನು ಬಿಡಲಿಲ್ಲ. ಧರಿಸಬೇಕಾದ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವೇಕಾಗಬಾರದು ಎಂದು ಕೇಳಿದರು. ಗುರುಹಿರಿಯರು ಹೇಳಿದರೆಂಬ ಮಾತ್ರಕ್ಕೆ ಒಪ್ಪದೆ, ತಮ್ಮ ಅಂತಃಸಾಕ್ಷಿಗೆ ತಾವೇ ಹೊಣೆಯೆಂದು ಬರೆದು ತಿಳಿಸಿದರು.

೪. ಶಾರದಾಸದನ ಮತ್ತು ವಿವಾದ

೧೮೮೬ರಲ್ಲಿ ಆನಂದಿಬಾಯಿ ಜೋಶಿಯವರು ಅಮೆರಿಕದಲ್ಲಿ ವೈದ್ಯಪದವಿ ಪಡೆದ ಸಮಾರಂಭಕ್ಕೆ ರಮಾಬಾಯಿಯವರು ಹೋದರು. ಹಿಂದೂ ವಿಧವೆಯರ ಸ್ಥಿತಿಯನ್ನು ಕುರಿತು ಊರೂರಲ್ಲಿ ಉಪನ್ಯಾಸ ಮಾಡಿದರು. ೧೮೮೭ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ ಪ್ರಕಟಿಸಿದರು. ಅವರ ಕೆಲಸಕ್ಕೆ ಹತ್ತು ವರ್ಷಗಳ ಕಾಲ ಹಣ ಒದಗಿಸಲು ಬಾಸ್ಟನ್ನಿನಲ್ಲಿ ಒಂದು ಸಂಘವೇ ಏರ್ಪಟ್ಟಿತು. ಈ ನೆರವಿನಿಂದ ೧೮೮೯ರ ಮಾರ್ಚ್ ೧೧ರಂದು ಮುಂಬಯಿಯಲ್ಲಿ ಶಾರದಾಸದನವು ಆರಂಭವಾಯಿತು. ಮರುವರ್ಷ ಅದನ್ನು ಪುಣೆಗೆ ಸಾಗಿಸಿದರು. ಅಲ್ಲಿ ಕಲಿತ ಗೋದೂಬಾಯಿ ಎಂಬ ಬಾಲವಿಧವೆಯು ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಕರ್ವೆಯಾದರು. ಪುಣೆಯ ಹಿಂಗಣೆಯಲ್ಲಿ ಕರ್ವೆಯವರು ಕಟ್ಟಿದ ಸ್ತ್ರೀಶಿಕ್ಷಣದ ಮಹಾಕಾರ್ಯಕ್ಕೆ ಈ ದಂಪತಿಗಳೇ ಆಧಾರವಾದರು.

ಶಾರದಾಸದನದಲ್ಲಿ ಮತಬೋಧನೆ ಮಾಡುವುದಿಲ್ಲವೆಂಬುದು ಆರಂಭದ ನಿಯಮವಾಗಿದ್ದಿತು. ನ್ಯಾಯಮೂರ್ತಿ ರಾನಡೆ, ಡಾ. ಭಾಂಡಾರಕರ ಮುಂತಾದ ಹಿಂದೂ ಮುಖಂಡರು ಅದರ ಸಲಹಾಮಂಡಲಿಯಲ್ಲಿದ್ದರು. ಆದರೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವರು ಹುಡುಗಿಯರು ಬಂದು ಕೂಡತೊಡಗಿದರು. ಕೆಲವರ ಮನಸ್ಸು ಆ ಮತದ ಕಡೆಗೆ ಒಲಿಯಿತು. ಊರಿನಲ್ಲಿ ಕೋಲಾಹಲವೆದ್ದಿತು, ತಿಲಕರ ‘ಕೇಸರಿ’ ಪತ್ರಿಕೆ ಕಠಿನವಾಗಿ ಬರೆಯಿತು. ೧೮೯೩ರಲ್ಲಿ ಸಲಹಾಮಂಡಲಿಯವರು ರಾಜೀನಾಮೆಯಿತ್ತರು. ಅನೇಕ ಪಾಲಕರು ತಮ್ಮ ಹುಡುಗಿಯರನ್ನು ಕರೆದುಕೊಂಡು ಹೋದರು.

ಈ ಸಂಗತಿಯನ್ನು ನಾವು ಮುಚ್ಚಿಡಬಾರದು. ಎರಡು ಪಕ್ಷಗಳಲ್ಲಿಯೂ ತೂಕವುಳ್ಳ ಮಾತಿತ್ತು. ಅನ್ನ ಕೊಡುವವರ ಮಾತನ್ನು ಅನ್ನ ಉಣ್ಣುವವರು ತಳ್ಳಿಹಾಕುವುದು ಕಷ್ಟ. ಎಳೆಯರ ವಿಷಯದಲ್ಲಂತೂ ಇನ್ನೂ ಕಷ್ಟ. ಆದುದರಿಂದ ನಿಯಮ ಮುರಿಯಿತೆಂದು ಪಾಲಕರು ನೊಂದುದು ಅಕಾರಣವಲ್ಲ. ತಾನು ನಂಬಿದ ದೇವರನ್ನು ತನ್ನ ಕೋಣೆಯಲ್ಲಿಯೇ ಕದ್ದು ಪ್ರಾರ್ಥಿಸಬೇಕೆ, ಬಂದು ಕೂತವರನ್ನು ಎಬ್ಬಿಸಿ ಕಳುಹಬೇಕೆ ಎಂಬುದು ರಮಾಬಾಯಿಯವರ ಪ್ರಶ್ನೆ. ಅದೂ ಸುಳ್ಳಲ್ಲ. ಮುಂದೆ ಕೇಡಗಾಂವದ ಸಂಸ್ಥೆಯನ್ನು ಅವರು ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯೆಂದೇ ನಡೆಸಿದರು. ಒಳಗೆ ಬರುವವರಿಗೆ ಅದು ಏನೆಂಬುದು ಹೊರಗಿನಿಂದಲೇ ತಿಳಿಯುವಂತಾಯಿತು.

೫. ಬರಗಾಲ, ಪ್ಲೇಗು, ಕೇಡಗಾಂವ

ಅಮೆರಿಕದವರ ಹತ್ತು ವರ್ಷಗಳ ವಚನ ಮುಗಿದ ಮೇಲೆ ಸದನದ ಗತಿಯೇನು? ಈ ಆಲೋಚನೆಯಿಂದ ರಮಾಬಾಯಿಯವರು ಕೇಡಗಾಂವದಲ್ಲಿ ಸುಮಾರು ನೂರು ಎಕರೆ ಭೂಮಿಯನ್ನು ಕೊಂಡು ಹಣ್ಣಿನ ಗಿಡಗಳನ್ನು ನೆಡಿಸಿದರು. ತೋಟದ ಆದಾಯದಿಂದ ಶಾಲೆಯನ್ನು ಸಾಗಿಸಬೇಕೆಂಬುದು ಅವರ ಯೋಜನೆ. ಆದರೆ ಭೂಮಿಯು ಬೇರೊಂದು ಕಾರ್ಯಕ್ಕೆ ಒದಗಿತು.

೧೮೯೬–೯೭ರಲ್ಲಿ ಮಧ್ಯಪ್ರಾಂತಗಳಲ್ಲಿ ಬರಗಾಲ ಬಿದ್ದಿತು. ವರ್ತಮಾನವನ್ನು ಕೇಳಿದಾಗ ಅವರಿಗೆ ತಂದೆತಾಯಿಗಳ ಮರಣವೂ ಝೇಲಂ ದಂಡೆಯ ಮರಳೂ ನೆನಪಾಗದೆ ಇರಲಿಲ್ಲ. ತಾವೇ ಅಲ್ಲಿಗೆ ಹೋದರು. ಹಸಿದ ಹೆಣ್ಣುಮಕ್ಕಳು ಅನ್ನದ ಆಸೆಯಿಂದ ದುಷ್ಟರ ಕೈಗೆ ಸಿಕ್ಕುತ್ತಿದ್ದುದನ್ನು ಕಣ್ಣಾರೆ ಕಂಡರು. ಸುಮಾರು ೩೦೦ ಹೆಂಗಸರನ್ನೂ ಹುಡುಗಿಯರನ್ನೂ ತಮ್ಮೊಡನೆ ಕರೆತಂದರು. ಅದೇ ಸಮಯಕ್ಕೆ ಪುಣೆಯಲ್ಲಿ ಪ್ಲೇಗು ಹರಡಿದ್ದಿತು. ಆ ಬೇನೆಯವರ ಶುಶ್ರೂಷೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆಯವರು ೧೮೯೭ರ ಮಾರ್ಚಿಯಲ್ಲಿ ಪ್ರಾಣಬಿಟ್ಟರು. ಊರಿನಲ್ಲಿ ಹೊಸಬರನ್ನು ಇಟ್ಟುಕೊಳ್ಳಲು ಸರಕಾರದ ಅಧಿಕಾರಿಗಳು ಒಪ್ಪಲಿಲ್ಲ. ಆಗ ರಮಾಬಾಯಿಯವರು ಎಲ್ಲರನ್ನೂ ಕೇಡಗಾಂವದ ಹೊಲಕ್ಕೆ ಕರೆದೊಯ್ದು ಡೇರೆಗಳಲ್ಲಿಯೂ ಹುಲ್ಲಿನ ಛಪ್ಪರಗಳಲ್ಲಿಯೂ ಇರಿಸಿದರು. ೧೮೯೮ರ ಸೆಪ್ಟೆಂಬರಿನಲ್ಲಿ ಕಟ್ಟಡದ ಪ್ರಾರಂಭೋತ್ಸವವಾಯಿತು. ಅದಕ್ಕೆ ಮುಕ್ತಿಸದನವೆಂದು ಹೆಸರಿಟ್ಟರು.

೧೮೯೯–೧೯೦೦ರಲ್ಲಿ ಗುಜರಾತದಲ್ಲಿ ಮತ್ತೊಂದು ಬರಗಾಲ. ಈ ಬಾರಿ ನಿರಾಶ್ರಿತರನ್ನು ಹುಡುಕಿ ತರಲು ಮುಕ್ತಿಸದನದ ಸಹಾಯಕಿಯರೇ ಹೊರಟರು. ಮೂರು ವರ್ಷಗಳ ಹಿಂದೆ ತಾವೇ ನಿರಾಶ್ರಿತರಾಗಿ ಬಂದಿದ್ದವರೂ ಅವರಲ್ಲಿದ್ದರು. ಹಸಿವೆಯ ಮುಖವನ್ನು ಗುರುತಿಸುವುದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ೧೯೦೦ರ ಹೊತ್ತಿಗೆ ಸದನದ ಆಶ್ರಯದಲ್ಲಿದ್ದವರ ಸಂಖ್ಯೆ ಒಂದೂವರೆ ಸಾವಿರವನ್ನು ಮುಟ್ಟಿತು. ಬಂದವರೆಲ್ಲರೂ ಬದುಕಿದರೆಂದು ತಿಳಿಯಬಾರದು. ಬರಗಾಲದಿಂದ ಸೊರಗಿದ ದೇಹಗಳು ಅನ್ನ ಸಿಕ್ಕಿದ ಮೇಲೆಯೂ ಬೇನೆಗಳಿಗೆ ತುತ್ತಾಗುತ್ತಿದ್ದವು.

೬. ಕೈಗೆ ಕೆಲಸ, ಕಣ್ಣಿಗೆ ಅಕ್ಷರ

ಈಗ ನಾವು ಮೊದಲು ಕೇಳಿದ ಎರಡನೆಯ ದಿನದ ಪ್ರಶ್ನೆಗೆ ಬರೋಣ. ಒಂದೂವರೆ ಸಾವಿರ ಜನರಿಗೆ ಅನ್ನವಿಕ್ಕುವುದು ದೊಡ್ಡ ಕೆಲಸವೇ ಸರಿ. ಆದರೆ ರಮಾಬಾಯಿಯವರು ಅಷ್ಟಕ್ಕೆ ನಿಲ್ಲಲಿಲ್ಲ. ಮುಕ್ತಿಸದನದಲ್ಲಿ ಹೊಲಗೆಲಸ, ಹೈನು, ನೇಯ್ಗೆ, ಹೊಲಿಗೆ, ಎಣ್ಣೆಗಾಣ, ಅಡಿಗೆ, ಅಗಸಗೆಲಸ, ಮುದ್ರಣ ಮೊದಲಾದ ಉದ್ಯೋಗಗಳನ್ನು ಏರ್ಪಡಿಸಿದರು. ಪ್ರತಿಯೊಬ್ಬ ಹೆಣ್ಣುಮಗಳೂ ಓದುಬರಹದೊಡನೆ ಒಂದು ಕೆಲಸವನ್ನು ಕಲಿಯಬೇಕು. ಅಕ್ಷರದ ಮೊಳೆಗಳನ್ನು ಜೋಡಿಸಿ ಪುಸ್ತಕ ಅಚ್ಚುಮಾಡುವ ಕೆಲಸವನ್ನು ಹೆಂಗಸರೇ ನಿರ್ವಹಿಸಿದರು. ಆ ಕಾಲದ ನಮ್ಮ ದೇಶದಲ್ಲಿ ಇದು ಅಪರೂಪದ ಸಂಗತಿ.

ಎಲ್ಲರ ಸಂಕಟವೂ ಒಂದೇ ಅಲ್ಲವಾದುದರಿಂದ ಎಲ್ಲರಿಗೂ ಒಂದೇ ಏರ್ಪಾಡು ಸಾಲದು. ಸಮಾಜವು ಪತಿತೆಯರೆಂದು ಹೊರಗಿಟ್ಟವರಿಗೆ ಕೃಪಾಸದನ, ಮುದುಕಿಯರಿಗೂ ಅಶಕ್ತರಿಗೂ ಪ್ರೀತಿಸದನ ಎಂದು ಬೇರೆ ಬೇರೆ ಮನೆಗಳಾದವು. ಫುಲ್‌ಹ್ಯಾಮಿನಲ್ಲಿ ಕಂಡದ್ದು ಭೀಮಾತೀರದ ಬಯಲಿನಲ್ಲಿ ಕೃಪಾಸದನವಾಗಿ ಮರುಹುಟ್ಟು ಪಡೆಯಿತು. ಕುರುಡರಿಗಾಗಿಯೂ ಶಾಲೆ ನಡೆಯಿತು. ಮಗಳು ಮನೋರಮಾಬಾಯಿಯವರು ಬ್ರೈಲ್ ಲಿಪಿಯನ್ನು ಕಲಿತು ಬಂದು ಅವರಿಗೆ ಬೆರಳಿನಿಂದ ಓದುವುದನ್ನು ಕಲಿಸಿದರು.

ಕೈಕೆಲಸವನ್ನು ಸೇವೆಯ ಅಂಗವಾಗಿ ಮಾಡಿದವರು ರಮಾಬಾಯಿಯವರೊಬ್ಬರೇ ಅಲ್ಲ. ಅವರ ಹುಟ್ಟೂರಿನ ಘಟ್ಟದ ಕೆಳಗೆ, ಮಂಗಳೂರಿಗೆ ೧೮೩೪ರಲ್ಲಿ ಬಾಸೆಲ್ ಮಿಶನ್ನಿನವರು ಬಂದರು. ಕ್ರೈಸ್ತರಾದವರಿಗೆ ಜಾತಿಯ ಆಸರೆಯೂ ಕುಲದ ಕಸುಬೂ ಒಟ್ಟಿಗೆ ತಪ್ಪುತ್ತಿದ್ದವು. ಅವರಿಗೆ ಜೀವನೋಪಾಯವಾಗಲೆಂದು ಮಿಶನ್ನಿನವರು ನೇಯ್ಗೆಯ ಕಾರ್ಖಾನೆಯನ್ನೂ, ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಮಂಗಳೂರು ಹೆಂಚು ದೇಶದಲ್ಲೆಲ್ಲ ಪ್ರಸಿದ್ಧವಾಯಿತು. ಎಷ್ಟೋ ಮನೆಗಳ ಮಾಡು, ಆಸರೆ ತಪ್ಪಿದವರ ಕೈಯಿಂದ ಸಿದ್ಧವಾದುದು.

ರಮಾಬಾಯಿಯವರ ಕೊನೆಯ ವರ್ಷಗಳು ಬೈಬಲ್ಲಿನ ಮರಾಠಿ ಅನುವಾದದಲ್ಲಿ ಕಳೆದವು. ಅದಕ್ಕಾಗಿ ಅವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಬಿರುದಾಂಕಿತ ಸಂಸ್ಕೃತ ಪಂಡಿತೆಯಾಗಿದ್ದರೂ, ಆಗತಾನೆ ಅಕ್ಷರ ಕಲಿತ ಹಳ್ಳಿಯ ಹೆಣ್ಣುಮಗಳಿಗೆ ಅರ್ಥವಾಗುವಂತಹ ಸುಲಭವಾದ ಮರಾಠಿಯನ್ನೇ ಅವರು ಆರಿಸಿಕೊಂಡರು. ಪಾಂಡಿತ್ಯದ ದೊಡ್ಡತನವೆಂದರೆ ಇದು. ೧೯೧೯ರಲ್ಲಿ ಸರಕಾರವು ಅವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತಿತು. ೧೯೨೧ರಲ್ಲಿ ಮಗಳು ತೀರಿಕೊಂಡಳು. ೧೯೨೨ರ ಏಪ್ರಿಲ್ ೫ರಂದು ಅವರೂ ಕೇಡಗಾಂವದಲ್ಲಿಯೇ ಕಣ್ಣುಮುಚ್ಚಿದರು. ಅಷ್ಟರೊಳಗೆ ಅನುವಾದ ಮುಗಿದಿತ್ತು. ಅವರು ಸ್ಥಾಪಿಸಿದ ಸಂಸ್ಥೆ ಇಂದಿಗೂ ನಿರ್ಗತಿಕ ಸ್ತ್ರೀಯರಿಗೂ ಮಕ್ಕಳಿಗೂ ಆಶ್ರಯ ಕೊಡುತ್ತಿದೆ. ೧೯೮೯ರಲ್ಲಿ ಭಾರತದ ಅಂಚೆ ಇಲಾಖೆಯು ರಮಾಬಾಯಿಯವರ ಹೆಸರಿನಲ್ಲಿ ಅಂಚೆಚೀಟಿಯನ್ನು ಹೊರಡಿಸಿತು.

೭. ಕಲಬುರ್ಗಿಯ ಶಾಲೆ

ಕನ್ನಡಿಗರು ನೆನೆಯಬೇಕಾದ ಒಂದು ಸಂಗತಿ ಇನ್ನೂ ಉಳಿದಿದೆ. ೧೯೧೨ರ ಸುಮಾರಿಗೆ ತಾಯಿಮಗಳು ಸೇರಿ ಅಂದಿನ ನಿಜಾಮರ ಸೀಮೆಗೆ ಸೇರಿದ್ದ ಕಲಬುರ್ಗಿಯಲ್ಲಿ ಒಂದು ಪ್ರೌಢಶಾಲೆಯನ್ನು ತೆರೆದರು. ಮನೋರಮಾಬಾಯಿಯವರು ಅದರ ಮುಖ್ಯಸ್ಥೆಯಾದರು. ಪುಣೆಯಂತಹ ನಗರವನ್ನು ಬಿಟ್ಟು ವಿದ್ಯೆಯಲ್ಲಿ ಬಹಳ ಹಿಂದುಳಿದಿದ್ದ ಕನ್ನಡ ಸೀಮೆಯನ್ನು ಅವರು ಆರಿಸಿಕೊಂಡರು. ಗಂಗಾಮೂಲದಿಂದ ಬುಟ್ಟಿಯಲ್ಲಿ ಇಳಿದುಬಂದ ಕೂಸು ಮುಪ್ಪಿನ ಹೊಸ್ತಿಲಲ್ಲಿ ಕನ್ನಡನಾಡಿನ ಮಕ್ಕಳಿಗೆ ಒಂದು ಶಾಲೆಯನ್ನು ಕೊಟ್ಟಿತು.

ಇಂದು ಅದೇ ಕಲಬುರ್ಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಎಷ್ಟೋ ಕುಟುಂಬಗಳು ಮಳೆಯಿಲ್ಲದೆ, ಕೂಲಿಯಿಲ್ಲದೆ ಪುಣೆಗೆ ಬರುತ್ತಿವೆ. ನಮ್ಮ ಶಾಲೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾವೂ, ನಿಮ್ಮ ತಂದೆತಾಯಿಗಳಲ್ಲಿ ಅನೇಕರೂ ಹೊಟ್ಟೆಪಾಡಿಗಾಗಿಯೇ ಊರು ಬಿಟ್ಟು ಬಂದವರು. ನಗರದಲ್ಲಿ ಏಳುತ್ತಿರುವ ಎತ್ತರದ ಕಟ್ಟಡಗಳ ಪಕ್ಕದಲ್ಲಿ ತಗಡಿನ ಶೆಡ್ಡುಗಳನ್ನು ನೀವು ನೋಡಿದ್ದೀರಿ. ಅಲ್ಲಿ ಸಂಜೆಗೆ ಕನ್ನಡದ ಮಾತು ಕೇಳಿಸುತ್ತದೆ. ಮನೆಗಳನ್ನು ಕಟ್ಟುವ ಆ ಜನರಿಗೆ ತಮ್ಮದೆಂಬ ಮನೆಯಿಲ್ಲ. ಕಟ್ಟಡ ಮುಗಿದೊಡನೆ ಶೆಡ್ಡು ಕಿತ್ತು ಇನ್ನೊಂದು ಕಡೆಗೆ ಹೋಗಬೇಕು. ಮಗುವಿನ ಶಾಲೆ ಅಲ್ಲಿಗೆ ತಪ್ಪುತ್ತದೆ. ಬೆತ್ತದ ಬುಟ್ಟಿಯ ಕೂಸಿಗೆ ಹಾದಿಯಲ್ಲಿ ಪಾಠ ಹೇಳಲು ಲಕ್ಷ್ಮೀಬಾಯಿಯಂತಹ ತಾಯಿಯಿದ್ದಳು. ಈ ಮಕ್ಕಳ ತಾಯಂದಿರು ಹಗಲೆಲ್ಲ ಇಟ್ಟಿಗೆ ಹೊರುತ್ತಾರೆ.

೮. ನಾವು ತಿಳಿಯಬೇಕಾದುದು

ಮುಕ್ತಿಸದನದ ಚರಿತ್ರೆಯಿಂದ ಮೂರು ವಿಷಯಗಳು ತಿಳಿದುಬರುತ್ತವೆ. ಮೊದಲನೆಯದು: ನಿರಾಶ್ರಿತನಿಗೆ ಬೇಕಾದುದು ಒಂದು ಹೊತ್ತಿನ ಊಟವಷ್ಟೇ ಅಲ್ಲ. ಮಾಡು, ಅನ್ನ, ಅಕ್ಷರ, ಕೆಲಸ—ಈ ನಾಲ್ಕೂ ಕೂಡಿದಾಗ ಅದು ಆಶ್ರಯವೆನಿಸುತ್ತದೆ. ಎರಡನೆಯದು: ಸಹಾಯ ಪಡೆದವನು ಮುಂದೆ ಸಹಾಯ ಮಾಡುವವನಾಗಬೇಕು. ಗುಜರಾತಕ್ಕೆ ಹೋದ ಸಹಾಯಕಿಯರೇ ಇದಕ್ಕೆ ಸಾಕ್ಷಿ. ಮೂರನೆಯದು: ಸೇವೆ ಮಾಡುವವರು ತಾವು ಯಾರು, ಏನನ್ನು ನಂಬಿದವರು ಎಂಬುದನ್ನು ಮರೆಮಾಡಬಾರದು, ಪಡೆಯುವವರ ನಂಬಿಕೆಗೆ ಅನ್ನವನ್ನು ಬೆಲೆಯಾಗಿ ಇಡಬಾರದು. ಈ ಮೂರನೆಯ ಮಾತು ಕ್ರೈಸ್ತರಿಗೆ ಮಾತ್ರವಲ್ಲ, ದಾನ ಮಾಡುವ ಎಲ್ಲ ಮತದವರಿಗೂ, ಎಲ್ಲ ಪಕ್ಷದವರಿಗೂ ಸಲ್ಲುತ್ತದೆ.

ವಿದ್ಯಾರ್ಥಿಗಳಾದ ನಿಮ್ಮಿಂದ ಸದನಗಳನ್ನು ಕಟ್ಟಲಾಗದು, ನಿಜ. ಆದರೆ ಮಾಡಬಹುದಾದ ಕೆಲಸವೊಂದಿದೆ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯ ಮೇರೆಗೆ ೬ರಿಂದ ೧೪ ವರ್ಷದ ಪ್ರತಿಯೊಂದು ಮಗುವಿಗೂ ಶಾಲೆಯಲ್ಲಿ ಸ್ಥಾನವುಂಟು. ಜನ್ಮದಾಖಲೆ ಇಲ್ಲವೆಂದಾಗಲಿ, ಹಿಂದಿನ ಶಾಲೆಯ ವರ್ಗಾವಣೆಯ ಪತ್ರ ಬರಲಿಲ್ಲವೆಂದಾಗಲಿ ಶಾಲೆಯವರು ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಶೆಡ್ಡುಗಳಲ್ಲಿರುವ ಅನೇಕ ತಂದೆತಾಯಿಗಳಿಗೆ ಈ ವಿಷಯ ತಿಳಿಯದು. ಅವರ ಭಾಷೆ ನಿಮ್ಮ ಭಾಷೆಯೇ. ನೀವು ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅಂತಹ ಒಂದು ಮನೆಯವರಿಗೆ ಇದನ್ನು ಕನ್ನಡದಲ್ಲಿ ತಿಳಿಸಿ ಹೇಳಿರಿ. ಅವರು ಒಪ್ಪಿದರೆ ಆ ಮಗುವನ್ನು ನಿಮ್ಮೊಡನೆ ಶಾಲೆಗೆ ಕರೆತನ್ನಿರಿ. ಶಾಲೆಯ ಹಾಜರಿ ಪುಸ್ತಕದಲ್ಲಿ ಅದರ ಹೆಸರನ್ನು ಬರೆಸುವ ಹೊಣೆ ಶಿಕ್ಷಕರಾದ ನಮ್ಮದು.

ಅಭ್ಯಾಸ

೧. ಶಿರೂರು, ದೌಂಡ ಸೀಮೆಯಲ್ಲಿ ಬರಗಾಲವು ಮತ್ತೆ ಮತ್ತೆ ಬರಲು ಕಾರಣವೇನು? ಭೂಪಟದ ಸಹಾಯದಿಂದ ವಿವರಿಸಿರಿ.

೨. ರಮಾಬಾಯಿಯವರ ಕುಟುಂಬದಲ್ಲಿ ವಿದ್ಯೆಯಿದ್ದರೂ ಬರಗಾಲದಲ್ಲಿ ಅದು ಏಕೆ ಒದಗಲಿಲ್ಲ?

೩. ೧೮೯೩ರ ವಿವಾದದಲ್ಲಿ ಪಾಲಕರ ವಾದವನ್ನೂ ರಮಾಬಾಯಿಯವರ ವಾದವನ್ನೂ ಬೇರೆ ಬೇರೆಯಾಗಿ ಬರೆದು ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ತಿಳಿಸಿರಿ.

೪. ಮುಕ್ತಿಸದನದ ಉದ್ಯೋಗಗಳಿಗೂ ಮಂಗಳೂರಿನ ಹೆಂಚಿನ ಕಾರ್ಖಾನೆಗೂ ಇರುವ ಹೋಲಿಕೆ ಯಾವುದು?

೫. ನಿಮ್ಮ ಮನೆಯ ಹಿರಿಯರು ಊರು ಬಿಟ್ಟು ಪುಣೆಗೆ ಬಂದಾಗ ಅವರಿಗೆ ಮೊದಲು ಆಸರೆ ಕೊಟ್ಟವರು ಯಾರು? ಅವರನ್ನೇ ಕೇಳಿ ಒಂದು ಪುಟ ಬರೆಯಿರಿ.